ದೇವರನ್ನ ಖರೇನ ನಂಬ್ತೀರೇನ್ರೀ?

“ಖರೇನ ದೇವರನ್ನ ನಂಬ್ತೀರೇನ್ರೀ? ಇಲ್ಲಾ ಮನ್ಯಾಗ ಕಲಿಸ್ಯಾರಂತ ಕೈ ಮುಗಿತೀರೋ?” ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ ಇರುವ ನನ್ನಂಥವರಿಗೆ ವಿಜಯಪುರದ ಕಾಲೇಜು ಹುಡುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕಲಿಸಿದ್ದು ಅಂದಮೇಲೆ ಅದು ಖರೆ ನಂಬಿಕೆ ಹೇಗಾದೀತು ಎಂಬ ಅನುಮಾನ ಇದರೊಳಗಿದೆ.

ನಾನು ನಂಬುತ್ತೇನೆ. ಮನೆಯಲ್ಲಿ ಕಲಿಸಿದರು ಅನ್ನುವುದೂ ನಿಜ. ಮಗ್ಗಿಯನ್ನೂ ಮನೆಯಲ್ಲೇ ಕಲಿಸಿರುತ್ತಾರೆ. ಏಳೆಂಟಲೆ ಐವತ್ತಾರು ಅಂತ ಅಜ್ಜಿ ಹೇಳಿಕೊಟ್ಟಳೆಂದು ಅದು ಸುಳ್ಳಾಗುವುದಿಲ್ಲ, ಅಜ್ಜಿ ಹೇಳಿದ್ದೇ ಅದಕ್ಕೆ ಪುರಾವೆಯೂ ಆಗುವುದಿಲ್ಲ. ನಂಬಿಕೆ ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ, ಅದು ನಿಲ್ಲುತ್ತದೋ ಇಲ್ಲವೋ ಎಂಬುದು ಇನ್ನೊಂದು. ಎರಡನ್ನೂ ಕೂಡಿಸಿ ಕೇಳಿದಾಗ ಉತ್ತರ ಕೆಡುತ್ತದೆ.

ನಮ್ಮ ಕಡೆ ಮಗುವಿಗೆ ದೇವರು ಮೊದಲು ಕೈಗೆ ಬರುತ್ತಾನೆ, ತಲೆಗೆ ಬರುವುದು ಬಹಳ ತಡವಾಗಿ. ಇಷ್ಟಲಿಂಗ ಪೂಜೆಯನ್ನೇ ನೋಡಿ. ಜಳಕ ಮುಗಿಸಿ ಕೂತು, ವಿಭೂತಿ ಗಟ್ಟಿಗೆ ನೀರು ಸೋಕಿಸಿ, ನಡುವಿನ ಮೂರು ಬೆರಳಿಂದ ಹಣೆಗೆ ಎಳೆದುಕೊಳ್ಳುವುದು. ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳುವುದು. ನೀರು, ವಿಭೂತಿ, ಒಂದು ಬಿಲ್ವಪತ್ರಿ, ಒಂದು ಹೂವು. ಆಮೇಲೆ ಅಂಗೈಯನ್ನು ಕಣ್ಣಿನ ನೇರಕ್ಕೆ ಎತ್ತಿ ದೃಷ್ಟಿ ನಿಲ್ಲಿಸುವುದು. ಲಿಂಗದ ಮೇಲ್ಮೈ ಕಪ್ಪಗೆ ಹೊಳೆಯುತ್ತದೆ. ದೀಪವನ್ನು ಬದಿಗೆ ಅಥವಾ ಸ್ವಲ್ಪ ಹಿಂದಕ್ಕೆ ಇಟ್ಟರೆ ಆ ಕಪ್ಪಿನಲ್ಲಿ ಒಂದು ಚುಕ್ಕೆ ಬೆಳಕು ಕೂಡುತ್ತದೆ, ನೋಡಬೇಕಾದದ್ದು ಅದನ್ನು. ದೀಪ ಮುಖದ ಎದುರಿಗೇ ಇದ್ದರೆ ಕಣ್ಣು ಕುಕ್ಕುತ್ತದೆ, ಚುಕ್ಕೆ ಸಿಗುವುದಿಲ್ಲ.

ಎಂಟು ವರ್ಷದ ಮಗುವಿನಿಂದ ಮೊದಲ ದಿನವೇ 108 ಜಪ ಮಾಡಿಸುವ ಮನೆಗಳಿವೆ. ಎಡಗೈ ಸೋಲುತ್ತದೆ, ನೀರು ಮೊಣಕೈವರೆಗೆ ಇಳಿಯುತ್ತದೆ, ಮಗು ಅತ್ತಿತ್ತ ನೋಡುತ್ತದೆ. ಆಗ ದೊಡ್ಡವರ ಬಾಯಲ್ಲಿ ಬರುವ ಮಾತು: “ದೇವರು ಸಿಟ್ಟಿಗೇಳತಾನ ನೋಡು.” ಕೈ ಸೋತದ್ದು ಮಗುವಿನ ಮನಸ್ಸಿನಲ್ಲಿ ದೇವರ ಸಿಟ್ಟಾಗಿ ಕೂಡುವುದು ಹೀಗೆ. ಹನ್ನೊಂದು ಜಪ, ಒಂದೆರಡು ನಿಮಿಷದ ದೃಷ್ಟಿ, ಮೊಣಕೈಗೆ ತೊಡೆಯ ಆಸರೆ ಇಷ್ಟರಿಂದ ಶುರು ಮಾಡಿದರೆ ಸಾಕು. ಲಿಂಗ ಕೆಳಗೆ ಬಿದ್ದರೆ ಪ್ರಾಣಕ್ಕೇ ಕುತ್ತು ಅಂತ ಮಕ್ಕಳಿಗೆ ಹೇಳುವುದನ್ನಂತೂ ಬಿಡಲೇಬೇಕು. ಲಿಂಗ ಕಟ್ಟಿಕೊಳ್ಳುವ ಶಿವದಾರ ಬರೀ ನೂಲು, ಬೆವರಿಗೆ ಸವೆಯುತ್ತದೆ, ಒಂದು ದಿನ ಹರಿಯುತ್ತದೆ. ಮಠಕ್ಕೆ ಹೋಗಿ ಅಜ್ಜಾರ (ಸ್ವಾಮಿಗಳ) ಕೈಯಿಂದ ಹೊಸ ದಾರ ಹಾಕಿಸಿಕೊಂಡರಾಯಿತು.

ಈ ಜಿಲ್ಲೆಯವರು ಮರೆಯಬಾರದ ಒಂದು ಸಂಗತಿ ಇದೆ. 12ನೇ ಶತಮಾನದಲ್ಲಿ ಬಾಗೇವಾಡಿಯ ಬಸವಣ್ಣನವರು ಹುಟ್ಟಿನಿಂದ ಬಂದ ಜನಿವಾರ ಒಲ್ಲೆನೆಂದು ಕೃಷ್ಣಾ–ಮಲಪ್ರಭಾ ಕೂಡುವ ಕೂಡಲಸಂಗಮಕ್ಕೆ ಹೋದರು ಎಂದು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಮನೆಯ ಸಂಸ್ಕಾರವನ್ನು ಬಿಟ್ಟವರು ದೇವರನ್ನು ಬಿಡಲಿಲ್ಲ. ಅವರ ಕಾಲದಲ್ಲಿ ಲಿಂಗ ಬೇಡಿ ಬಂದವರಿಗೆ ಸಿಗುತ್ತಿತ್ತು, ಯಾವ ಕುಲ ಎಂದು ಕೇಳುತ್ತಿರಲಿಲ್ಲ. ಇಂದು ಅದೇ ಲಿಂಗ ನಮಗೆ ಹುಟ್ಟಿನಿಂದಲೇ ಬರುತ್ತದೆ, ಥೇಟ್ ಜನಿವಾರದ ಹಾಗೆ. ಆದ್ದರಿಂದ ಲಿಂಗ ಕಟ್ಟಿಸಿಕೊಂಡು ಬೆಳೆದ ಹುಡುಗ ಇಪ್ಪತ್ತಕ್ಕೆ “ಇದು ನನಗ್ಯಾಕ?” ಅಂತ ಕೇಳಿದರೆ ಅವನು ಧರ್ಮ ಕೆಡಿಸಿದನೆಂದು ನಾನು ಹೇಳುವುದಿಲ್ಲ. ಆ ಪ್ರಶ್ನೆ ಕೇಳದೆ ಕಟ್ಟಿಕೊಂಡದ್ದು ಇನ್ನೂ ಅಪ್ಪನ ಲಿಂಗವೇ.

“ಬ್ಯಾರೆ ಮನ್ಯಾಗ ಹುಟ್ಟಿದ್ರ ಬ್ಯಾರೆ ದೇವರನ್ನ ನಂಬ್ತಿದ್ರಿ, ಹೌದಿಲ್ಲೋ?” ಹೌದು. ಹೆಸರು ಬೇರೆಯಾಗುತ್ತಿತ್ತು, ಒಪ್ಪುತ್ತೇನೆ. ಆದರೆ ನಮ್ಮ ಹಳ್ಳಿಗಳಲ್ಲಿ ಮಗುವನ್ನು ಬೆಳೆಸುವುದು ಮನೆ ಒಂದೇ ಅಲ್ಲ, ಓಣಿಯೂ ಹೌದು. ಮೊಹರಂ ಬಂದಾಗ ಲಿಂಗವಂತರ ಮನೆಯ ಹುಡುಗರೂ ಹರಕೆ ಹೊತ್ತು ಫಕೀರರಾಗುತ್ತಾರೆ, ಹರಕೆಯ ದಾರವಾದ ಲಾಡಿ ಹಾಕಿಕೊಳ್ಳುತ್ತಾರೆ, ಸಕ್ಕರೆಗೆ ಪ್ರಾರ್ಥನೆ ಓದಿಸಿಕೊಂಡು ಬರುತ್ತಾರೆ. ಅಲಾಯಿ ಕುಣಿಯ (ಮೊಹರಂನಲ್ಲಿ ಬೆಂಕಿ ಹಾಕುವ ಗುಂಡಿಯ) ಸುತ್ತ ಹೆಜ್ಜೆ ಹಾಕುವವರಲ್ಲಿ ಯಾರು ಯಾವ ಮನೆಯವರೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹಾಗೆ ಬೆಳೆದವನಿಗೆ ತನ್ನ ದೇವರು ಮಾತ್ರ ಖರೆ, ಉಳಿದದ್ದು ಸುಳ್ಳು ಅಂತ ಹೇಳಿಕೊಡುವುದು ಕಷ್ಟ. ಅದು ಕಷ್ಟವಾಗಿಯೇ ಇರಲಿ.

ಸಂಸ್ಕಾರ ಕೆಟ್ಟದ್ದನ್ನೂ ಮಾಡುತ್ತದೆ, ಅದನ್ನು ಮುಚ್ಚಿಟ್ಟು ನಂಬಿಕೆಯ ಪರ ಮಾತಾಡಬಾರದು. ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ನಡೆದುಬಂದ ಜಡಿಯ ವಿಷಯ ತೆಗೆದುಕೊಳ್ಳಿ. ಎಣ್ಣೆ ಕಾಣದ, ಬಾಚದ ಕೂದಲು ಬೆವರು, ಧೂಳು, ಹೇನಿನಿಂದ ಗಂಟಾಗುತ್ತದೆ, ಹೆಚ್ಚಾಗಿ ಕತ್ತಿನ ಹಿಂದೆ. ಬೇರೆ ಊರಲ್ಲಿ ತಾಯಿ ಬೈದು ಬಾಚುತ್ತಾಳೆ. ಇಲ್ಲಿ ಕೆಲವು ಮನೆಗಳಲ್ಲಿ “ಅವ್ವ ಜಡಿ ಬಿಟ್ಟಾಳ” ಅಂದು ಭಂಡಾರ (ಅರಿಶಿನ ಪುಡಿ) ಹಚ್ಚುತ್ತಾರೆ. ಅದರಿಂದ ಗಂಟು ಇನ್ನಷ್ಟು ಬಿಗಿಯುತ್ತದೆ. ಹೀಗೆ ಜಡಿ ಬಂದ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ, ಅಂದರೆ ದೇವದಾಸಿಯಾಗಿ ಬಿಟ್ಟು, ಬಾಳು ಹಾಳುಮಾಡಿದ್ದು ಈ ನಾಡಿನ ಕಣ್ಣೆದುರಿನ ಇತಿಹಾಸ. ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು. ಹೊಸ ಗಂಟಾದರೆ ರಾತ್ರಿ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಬೆಳಿಗ್ಗೆ ತುದಿಯಿಂದ ಮೇಲಕ್ಕೆ ಬೆರಳಲ್ಲಿ ಬಿಡಿಸಬಹುದು. ಹಗ್ಗದಂತೆ ಗಟ್ಟಿಯಾಗಿದ್ದರೆ ಕತ್ತರಿಸಬೇಕು. ಜಡಿ ಕತ್ತರಿಸಿದರೆ ರಕ್ತ ಕಾರಿ ಸಾಯುತ್ತಾರೆಂಬ ಅಂಜಿಕೆ ಇನ್ನೂ ಇದೆ. ಅದಕ್ಕೇ ಬುಡಕ್ಕೆ ಕತ್ತರಿ ಹಾಕಬಾರದು, ಎರಡು ಬೆರಳು ಬಿಟ್ಟು ಕತ್ತರಿಸಬೇಕು: ಚರ್ಮಕ್ಕೆ ತಾಗಿ ಒಂದು ಹನಿ ರಕ್ತ ಬಂದರೂ ಆ ಮನೆಯಲ್ಲಿ ಅಂಜಿಕೆ ಗೆದ್ದಂತೆ. ಹೇನಿಗೆ ಔಷಧ ಆಗದಿದ್ದರೆ ಗಂಟು ಮತ್ತೆ ಬರುತ್ತದೆ, ಅದಕ್ಕೂ ಬೇರೆ ಅರ್ಥ ಹಚ್ಚುತ್ತಾರೆ. ಕೂದಲು ಹೋದಮೇಲೂ ಆ ತಾಯಿ ಗುಡ್ಡಕ್ಕೆ ಹೋಗಿ ಉಧೋ ಉಧೋ ಅನ್ನಬಹುದು. ಜಡಿ ಹೋದರೆ ಯಲ್ಲಮ್ಮ ಹೋಗುವುದಿಲ್ಲ.

ಮನೆ ಕಲಿಸಿದ್ದನ್ನು ಸ್ವಂತ ಮಾಡಿಕೊಂಡವರು ಹೇಗಿರುತ್ತಾರೆಂದು ವಿಜಯಪುರ ಹತ್ತಿರದಿಂದ ನೋಡಿದೆ. ಮಠಾಧೀಶರನ್ನು ಸಮಾಧಿ ಮಾಡುವುದು ಇಲ್ಲಿಯ ವಾಡಿಕೆ. ಆದರೆ ಇಲ್ಲಿಯ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತಮ್ಮ ದೇಹವನ್ನು ಅಗ್ನಿಗೆ ಕೊಡಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಹಾಗೇ ಆಯಿತು.

ನನ್ನ ನಂಬಿಕೆಯ ತಿರುಳು ಇಷ್ಟು. ಕೇಳಿದ್ದು ಕೊಡುವ ದೇವರ ಮೇಲೆ ನನಗೆ ಭರವಸೆ ಇಲ್ಲ. ಪರೀಕ್ಷೆಗೆ, ಮಳೆಗೆ ಹರಕೆ ಹೊರುವುದಿಲ್ಲ. ಆದರೆ ಅಂಗೈಯ ಎದುರು ಕೂತಾಗ ಹಿಂದಿನ ದಿನ ಆಡಿದ ಸುಳ್ಳು ನೆನಪಾಗುತ್ತದೆ, ಯಾರಿಗೋ ಲೆಕ್ಕ ಒಪ್ಪಿಸುತ್ತಿದ್ದೇನೆ ಅನ್ನಿಸುತ್ತದೆ. ಆ ಯಾರೋ ಇದ್ದಾನೆ ಎಂದು ನಂಬುತ್ತೇನೆ. ಇದನ್ನು ಸಿದ್ಧ ಮಾಡಿ ತೋರಿಸಲು ನನ್ನಿಂದಾಗದು. ಅಲ್ಲಿ ಕೂಡುವುದನ್ನು ಕಲಿಸಿದ್ದು ಮನೆ, ಲೆಕ್ಕ ಮಾತ್ರ ನನ್ನದು.

ತಾಯಂದಿರು ಕೇಳುವ ಪ್ರಶ್ನೆ ಬೇರೆ: “ಮಗ ಪುಣೆಕ್ಕ ಹೋದಮ್ಯಾಲ ಪೂಜಿ ಬಿಟ್ಟಾನ್ರೀ, ಏನ್ ಮಾಡೂದು?” ಏನೂ ಮಾಡಬೇಡ್ರಿ, ಅವ್ವಾರ. ಫೋನಿನಲ್ಲಿ ದಿನಾ ಕೇಳಿದರೆ ಅವನು ದಿನಾ ಸುಳ್ಳು ಹೇಳಬೇಕಾಗುತ್ತದೆ. ಅವನ ಹೆಸರಿನಲ್ಲಿ ಹರಕೆ ಹೊತ್ತು ಆಮೇಲೆ ತೀರಿಸೆಂದು ಕೂಡಬೇಡಿ. ರಜೆಗೆ ಬಂದಾಗ ಯಾಕೆ ಬಿಟ್ಟೆ ಅಂತ ಒಮ್ಮೆ ಕೇಳಿ, ಅವನು ಹೇಳುವುದನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಳ್ಳಿ. ನಿಮ್ಮ ಪೂಜೆಯನ್ನು ನೀವು ಬಿಡಬೇಡಿ.