ಗಾಡಿ ಬಿಸಿಯಾದಾಗ ಮಾತ್ರ ಬರುವ ಸದ್ದು

ಸೆಕೆಂಡ್ ಹ್ಯಾಂಡ್ ಐಷಾರಾಮಿ ಎಸ್‌ಯುವಿ ವರ್ಕ್‌ಶಾಪಿಗೆ ಬಂದರೆ ಜೊತೆಗೆ ಬಿಲ್ಲುಗಳ ಕಟ್ಟೂ ಬರುತ್ತದೆ. ಬೆಂಗಳೂರಿನಲ್ಲಿ ನಮ್ಮ ಕೈಗೆ ಬಂದ ಈ ಗಾಡಿಯಲ್ಲಿ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗ್ ಹೊಸದು, ಮುಂದಿನ ಒಂದು ಆಕ್ಸಲ್ ಹೊಸದು, ಗೇರ್‌ಬಾಕ್ಸ್ ಮೌಂಟೂ ಹೊಸದು. ಸದ್ದು ಮಾತ್ರ ಹಳೆಯದೇ. ಇನ್ನು ಗೇರ್‌ಬಾಕ್ಸ್ ಇಳಿಸಬೇಕು ಅಂತ ಬೇರೆ ಕಡೆ ಹೇಳಿದ್ದರಂತೆ.

ಸದ್ದು ಎಲ್ಲಿಂದ ಅಂತ ನಾನು ಮೊದಲು ಕೇಳುವುದಿಲ್ಲ, ಯಾವಾಗ ಅಂತ ಕೇಳುತ್ತೇನೆ. ಕೆಳಗಿನ ಸದ್ದು ಬಾಡಿ ಹಿಡಿದು ಹರಡಿ ಇನ್ನೆಲ್ಲೋ ಕೇಳಿಸುತ್ತದೆ. ಮಾಲೀಕರ ಉತ್ತರ ಬಹಳ ಸ್ಪಷ್ಟವಾಗಿತ್ತು: "ಸಂಜೆ ಮನೆಗೆ ಬಂದು ಬೇಸ್‌ಮೆಂಟಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಗುಡುಗುಡು ಅನ್ನುತ್ತೆ. ಬೆಳಿಗ್ಗೆ ಇರಲ್ಲ." ಹಿಂದೆ ನೋಡಿದವರೆಲ್ಲ ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಓಡಿಸಿ ನೋಡಿದ್ದರು. ತಣ್ಣನೆಯ ಗಾಡಿಯಲ್ಲಿ ಸದ್ದು ಎಲ್ಲಿಂದ ಬರಬೇಕು?

ನೈಸ್ ರಸ್ತೆಯಲ್ಲಿ ಚೆನ್ನಾಗಿ ಓಡಿಸಿ ಬಿಸಿ ಮಾಡಿದೆವು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಇಂಥ ಗಾಡಿಯ ಚಕ್ರ ಸೆಕೆಂಡಿಗೆ 7 ಸುತ್ತು ಹಾಕಿದರೆ ಶಾಫ್ಟ್ ಸುಮಾರು 25 ಸುತ್ತು ಹಾಕುತ್ತದೆ. ಅಷ್ಟು ಜೋರಾಗಿ ತಿರುಗುವ ಶಾಫ್ಟಿನ ಬ್ಯಾಲೆನ್ಸ್ ತಪ್ಪಿದ್ದರೆ ವೇಗದ ಜೊತೆ ಅದುರು ಏರಬೇಕಿತ್ತು, ಏರಲಿಲ್ಲ. ಆಕ್ಸಲಿನ ತುದಿಯ ಸಿವಿ ಜಾಯಿಂಟ್ ಸವೆದಿದ್ದರೆ ತಿರುವಿನಲ್ಲಿ ಟಕಟಕ ಅನ್ನುತ್ತದೆ, ಅದಕ್ಕೆ ಬಿಸಿ ತಂಪಿನ ಭೇದವಿಲ್ಲ. ವಾಪಸ್ ಬಂದು ನಿಧಾನಕ್ಕೆ ಫುಲ್ ಲಾಕ್ ತಿರುಗಿಸಿದಾಗ, ಸ್ವಲ್ಪವೇ ಆಕ್ಸಲರೇಟರ್ ಕೊಟ್ಟರೆ ಸಾಕು, ನೆಲದಡಿಯಿಂದ ಗುಡುಗುಡು. ನನ್ನ ಅನುಮಾನ ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ನಿಂತಿತು.

ಲಿಫ್ಟಿಗೇರಿಸುವ ಮೊದಲು ಟೈರುಗಳ ಗ್ರೂವ್ ಎಷ್ಟು ಆಳ ಉಳಿದಿದೆ ಅಂತ ಅಳೆದೆ. ಮುಂದಿನವು 8 ಮಿ.ಮೀ., ಹಿಂದಿನವು 3. ಮಾರುವ ಮುಂಚೆ ಯಾರೋ ಎರಡೇ ಟೈರ್ ಹಾಕಿಸಿದ್ದರು. 5 ಮಿ.ಮೀ. ಅಂದರೆ ಸುತ್ತಳತೆಯಲ್ಲಿ 3 ಸೆಂ.ಮೀ. ವ್ಯತ್ಯಾಸ, ಪ್ರತಿ ಕಿಲೋಮೀಟರಿಗೆ ಹಿಂದಿನ ಚಕ್ರ ಆರು ಸುತ್ತು ಹೆಚ್ಚು ಹಾಕುತ್ತದೆ. ಹೀಗಾಗಿ ಟ್ರಾನ್ಸ್‌ಫರ್ ಕೇಸಿನೊಳಗೆ ಮುಂದಕ್ಕೆ ಶಕ್ತಿ ಹಂಚುವ ಕ್ಲಚ್ ಪ್ಲೇಟುಗಳು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ಜಾರುತ್ತಾ ಆಯಿಲನ್ನು ಕಾಯಿಸುತ್ತವೆ. ತಿರುವಿನಲ್ಲಿ ಆ ಕೆಟ್ಟ ಆಯಿಲಿನಲ್ಲಿ ಪ್ಲೇಟುಗಳು ನಯವಾಗಿ ಜಾರದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತವೆ. ಸದ್ದು ಅದೇ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಬಂದದ್ದು ಕಪ್ಪು ನೀರಿನಂಥ ಆಯಿಲ್, ಬೆರಳಿಗೆ ಹಚ್ಚಿ ಮೂಸಿದರೆ ಸುಟ್ಟ ವಾಸನೆ.

ಆ ಯೂನಿಟ್ಟಿಗೆ ಹೇಳಿದ ಆಯಿಲನ್ನೇ ಹಾಕಿ, ನಾಲ್ಕೂ ಟೈರ್ ಒಂದೇ ಬ್ರ್ಯಾಂಡ್ ಒಂದೇ ಅಳತೆಯವು ಹಾಕಿಸಿ, ಸ್ಕ್ಯಾನರಿನಲ್ಲಿ ಕ್ಲಚ್ಚಿನ ಅಡಾಪ್ಟೇಷನ್, ಅಂದರೆ ಗಾಡಿಯ ಕಂಪ್ಯೂಟರ್ ಕಲಿತಿಟ್ಟ ಹಳೆಯ ಲೆಕ್ಕ, ರೀಸೆಟ್ ಮಾಡಿದೆವು. ಮತ್ತೆ ಬಿಸಿ ಮಾಡಿ ಅದೇ ಬೇಸ್‌ಮೆಂಟಿನಲ್ಲಿ ಮಾಲೀಕರ ಕೈಯಲ್ಲೇ ಸ್ಟೇರಿಂಗ್ ತಿರುಗಿಸಿ ನೋಡಿದೆವು. ಸದ್ದಿಲ್ಲ. ಪ್ಲೇಟಿನ ಪುಡಿ ಒಳಗೆ ಉಳಿದಿರುತ್ತದೆ, ಹಾಗಾಗಿ ಸ್ವಲ್ಪ ಓಡಿದ ಮೇಲೆ ಇನ್ನೊಮ್ಮೆ ಆಯಿಲ್ ಬದಲಿಸಲು ಹೇಳಿ ಕಳಿಸಿದೆ. ಗೇರ್‌ಬಾಕ್ಸ್ ಇಳಿಸುವ ಮಾತೇ ಮತ್ತೆ ಬರಲಿಲ್ಲ.