ಥೈರಾಯ್ಡ್ ಆಪರೇಷನ್‌ಗೆ ಮುನ್ನ: ನಾಡಿ ಇಳಿದರೆ ಸಾಲದು

ಥೈರಾಯ್ಡ್ ಗ್ರಂಥಿ ಅತಿಯಾಗಿ ಹಾರ್ಮೋನ್ ಸುರಿಸುವ ಗ್ರೇವ್ಸ್ ಕಾಯಿಲೆಗೆ ಆಪರೇಷನ್ ದಿನ ಗೊತ್ತುಮಾಡುವಾಗ ನಾಡಿಯೊಂದನ್ನೇ ನಂಬಬೇಡಿ. ನಾಡಿ ಇಳಿಸುವ ಪ್ರೊಪ್ರನೊಲಾಲ್ ಔಷಧಿ ಶುರುಮಾಡಿದ ಒಂದೆರಡು ದಿನದಲ್ಲೇ ಎದೆಬಡಿತ ಹತೋಟಿಗೆ ಬರುತ್ತದೆ, ಕೈನಡುಕ ಕಡಿಮೆಯಾಗುತ್ತದೆ. ಒಳಗೆ ಗ್ರಂಥಿ ಮಾತ್ರ ಹಿಂದಿನಂತೆಯೇ ಹಾರ್ಮೋನ್ ಸುರಿಸುತ್ತಿರುತ್ತದೆ. ಆ ಸ್ಥಿತಿಯಲ್ಲಿ ಕುತ್ತಿಗೆ ತೆರೆದರೆ ಥೈರಾಯ್ಡ್ ಸ್ಟಾರ್ಮ್ (ಹಾರ್ಮೋನ್ ಪ್ರಭಾವ ಒಮ್ಮೆಲೇ ಕೈಮೀರುವ ಸ್ಥಿತಿ) ಆಗಿ ಜೀವಕ್ಕೇ ಕುತ್ತು ಬರಬಹುದು. ಆಸ್ತಮಾ ಇರುವವರಿಗಂತೂ ಪ್ರೊಪ್ರನೊಲಾಲ್ ಕೊಡಲೇಬಾರದು.

ಗ್ರಂಥಿಯನ್ನು ನಿಜವಾಗಿ ತಹಬಂದಿಗೆ ತರುವುದು ಕಾರ್ಬಿಮಜೋಲ್ ಮಾತ್ರೆ. ಅದು ಹೊಸ ಹಾರ್ಮೋನ್ ತಯಾರಿಕೆಯನ್ನು ತಡೆಯುತ್ತದೆ, ಆಗಲೇ ಕೂಡಿಟ್ಟದ್ದನ್ನು ಮುಟ್ಟುವುದಿಲ್ಲ. ಆ ದಾಸ್ತಾನು ಕರಗಲು ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ನೋಡಬೇಕಾದದ್ದು ರಕ್ತದಲ್ಲಿನ ಥೈರಾಯ್ಡ್ ಹಾರ್ಮೋನ್‌ಗಳಾದ ಫ್ರೀ ಟಿ4 ಮತ್ತು ಟಿ3. ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನ್ ತಿಂಗಳುಗಟ್ಟಲೆ ತಳದಲ್ಲೇ ಇರುತ್ತದೆ. ಅದು ಏರಲಿಲ್ಲವೆಂದು ಮಾತ್ರೆ ಹೆಚ್ಚಿಸುವುದು ದೊಡ್ಡ ತಪ್ಪು. ಡೋಸ್ ಅತಿಯಾಗಿ ಟಿಎಸ್‌ಎಚ್ ಏರಿತೆಂದರೆ ಗ್ರಂಥಿ ಇನ್ನಷ್ಟು ಊದಿಕೊಳ್ಳುತ್ತದೆ, ರಕ್ತನಾಳಗಳು ಹೆಚ್ಚುತ್ತವೆ. ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ಬಿಳಿ ರಕ್ತಕಣ ಎಣಿಸಿ, ಅವು ಕುಸಿದಿರಬಹುದು. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು.

ಕೊನೆಯ 7ರಿಂದ 10 ದಿನ ಗ್ರಂಥಿಯ ರಕ್ತಹರಿವು ತಗ್ಗಿಸುವ ಲುಗಾಲ್ ಅಯೋಡಿನ್ ದ್ರಾವಣ: 5ರಿಂದ 7 ಹನಿ, ದಿನಕ್ಕೆ ಮೂರು ಸಲ, ನೀರಿಗೋ ಹಣ್ಣಿನ ರಸಕ್ಕೋ ಬೆರೆಸಿ. ಮೊದಲು ಗ್ರಂಥಿಯ ಮೇಲೆ ಸ್ಟೆತಸ್ಕೋಪ್ ಇಟ್ಟರೆ ರಕ್ತ ಹರಿಯುವ ಬುಸುಗುಟ್ಟುವ ಸದ್ದು ಕೇಳಿಸುತ್ತಿರುತ್ತದೆ. ಅಯೋಡಿನ್ ಕೆಲಸ ಮಾಡುತ್ತಿದ್ದರೆ ಅದು ದಿನದಿಂದ ದಿನಕ್ಕೆ ಕ್ಷೀಣಿಸುತ್ತದೆ. ಫೋರ್ಸೆಪ್ಸ್ ತಗುಲಿದಲ್ಲೆಲ್ಲ ರಕ್ತ ಜಿನುಗುವ ಮೆತ್ತನೆಯ ಗ್ರಂಥಿ ಗಟ್ಟಿಯಾಗುತ್ತದೆ, ಸರ್ಜನ್ ಕೈಗೆ ಸಿಗುತ್ತದೆ.

ಆದರೆ ಅಯೋಡಿನ್‌ನ ಈ ಹಿಡಿತ ಹೆಚ್ಚು ದಿನ ನಿಲ್ಲದು. ಸುಮಾರು ಎರಡು ವಾರ ದಾಟಿದರೆ ಗ್ರಂಥಿ ತಪ್ಪಿಸಿಕೊಂಡು, ಸಿಕ್ಕ ಅಯೋಡಿನ್‌ನಿಂದಲೇ ಮತ್ತೆ ಹಾರ್ಮೋನ್ ಮಾಡತೊಡಗುತ್ತದೆ. ಹಾಗಾಗಿ ಥಿಯೇಟರ್ ದಿನಾಂಕ ಖಚಿತವಾಗದೆ ಮೊದಲ ಹನಿ ಹಾಕಬೇಡಿ. ಕಾರ್ಬಿಮಜೋಲ್ ರಕ್ಷಣೆಯಿಲ್ಲದೆ ಬರೀ ಅಯೋಡಿನ್ ಶುರುಮಾಡುವುದೂ ಅಪಾಯ. ಗಂಟುಗಂಟಾದ ಟಾಕ್ಸಿಕ್ ಗಾಯಿಟರ್‌ಗೆ (ಅತಿಯಾಗಿ ಹಾರ್ಮೋನ್ ಸುರಿಸುವ ಗಳಗಂಡ) ಅಯೋಡಿನ್ ಬೇಡವೇ ಬೇಡ, ಕಾಯಿಲೆ ಕೆರಳುತ್ತದೆ.

ಆಪರೇಷನ್ ದಿನ ಬೆಳಗ್ಗೆ 'ಖಾಲಿ ಹೊಟ್ಟೆ' ಎಂದು ಪ್ರೊಪ್ರನೊಲಾಲ್ ತಪ್ಪಿಸುವವರಿದ್ದಾರೆ. ಒಂದು ಗುಟುಕು ನೀರಿನಲ್ಲಿ ಕೊಡಿಸಿ. ಪೂರ್ತಿ ಗ್ರಂಥಿ ತೆಗೆದ ಮೇಲೆ ಕಾರ್ಬಿಮಜೋಲ್ ನಿಲ್ಲುತ್ತದೆ. ರಕ್ತದಲ್ಲಿ ಉಳಿದ ಟಿ4 ಅರ್ಧಕ್ಕಿಳಿಯಲು ಸುಮಾರು 7 ದಿನ ಹಿಡಿಯುವುದರಿಂದ, ಪ್ರೊಪ್ರನೊಲಾಲನ್ನು ಮಾತ್ರ ಥಟ್ಟನೆ ನಿಲ್ಲಿಸದೆ ಹಂತಹಂತವಾಗಿ ಇಳಿಸಬೇಕು.