ಕೈಪಟ್ಟಿ ಕಟ್ಟಿಕೊಂಡು ಕಳೆದ ರಜೆ

ಇರುವ ಖೋಲಿ, ನಾಷ್ಟಾ, ಎರಡು ಹೊತ್ತಿನ ಊಟ, ಈಜುಕೊಳ, ಮಕ್ಕಳ ಆಟ, ಚಕ್ಕಡಿ ಸವಾರಿ ಎಲ್ಲ ಸೇರಿ ತಲೆಗೆ ಇಷ್ಟು ಎಂದು ಮೊದಲೇ ರೊಕ್ಕ ಕಟ್ಟುವ ರಜೆ ಬೇಕೆಂದು ಹಟ ಹಿಡಿದವರು ನಮ್ಮ ವೈನಿ, ಅಣ್ಣನ ಹೆಂಡತಿ. ಧಾರವಾಡದ ನನ್ನ ತವರಿನಲ್ಲಿ ಯಾವ ಪ್ರವಾಸವಿದ್ದರೂ ಹಿಂದಿನ ರಾತ್ರಿ ಮಂದಿಯೆಲ್ಲ ಮಲಗಿದ ಮೇಲೂ ಅಡುಗೆಮನೆಯ ದೀಪ ಉರಿಯುತ್ತಿರುತ್ತದೆ. ಬುತ್ತಿಗೆ ಚಪಾತಿ, ಶೇಂಗಾ ಹಿಂಡಿ, ಮೊಸರನ್ನ, ಮಕ್ಕಳಿಗೆ ಬೇರೆ, ಮಧುಮೇಹದ ಕಾಕಾನಿಗೆ ಬೇರೆ. ವೈನಿ ಈ ಸಲ ಒಂದೇ ಮಾತು ಹೇಳಿದರು: "ನಾ ಒಲಿ ಮುಂದ ನಿಂದ್ರಂಗಿಲ್ಲ. ಮೂರೂ ಹೊತ್ತು ಯಾರು ಮಾಡಿ ಹಾಕ್ತಾರೋ ಅಲ್ಲಿ ಕರಕೊಂಡ ನಡೀರಿ."

ಅಣ್ಣ ಗದಗ ಸೀಮೆಯಲ್ಲಿ ಒಂದು ರೆಸಾರ್ಟ್ ಹುಡುಕಿದ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ನನ್ನನ್ನು ಹತ್ತಿಸಿಕೊಂಡು, ಅಣ್ಣಿಗೇರಿ ಹಾದು ಹೊರಟೆವು. ಜನವರಿ ತಿಂಗಳು. ಎರಿ ಹೊಲದಲ್ಲಿ ಕಡಲೆ ಬಲಿತಿತ್ತು, ಬಿಳಿಜೋಳ ತೆನೆ ಹಿಡಿದಿತ್ತು. ಟೆಂಪೋ ನಡೆಸುತ್ತಿದ್ದವರು ನಮ್ಮ ಓಣಿಯವರೇ. ಮಕ್ಕಳು ಹುಟ್ಟಿದಾಗಿನಿಂದ ಅವರನ್ನು ಡ್ರೈವರ್ ಕಾಕಾ ಎಂದು ಕರೆಯುತ್ತಾರೆ. ದಾರಿಯಲ್ಲಿ ಗಾಡಿ ನಿಲ್ಲಿಸಿ ಹಸಿ ಕಡಲೆ ಗಿಡ ಕೊಡಿಸಿದವರೂ ಅವರೇ.

ಬಾಗಿಲಲ್ಲೇ ನಮ್ಮ ಕೈಗೆ ಒಂದೊಂದು ಹಸಿರು ಕಾಗದದ ಪಟ್ಟಿ ಅಂಟಿಸಿದರು. ಪಟ್ಟಿ ಇದ್ದವರಿಗೆ ಊಟ, ಪಟ್ಟಿ ಇದ್ದವರಿಗೆ ನೀರಾಟ. ಎಲ್ಲ ಸೇರಿಸಿ ಮೊದಲೇ ರೊಕ್ಕ ಕಟ್ಟುವ ಈ ಪದ್ಧತಿಗೆ ಜಗತ್ತಿನಲ್ಲಿ ಹೆಸರು ತಂದದ್ದು ಕ್ಲಬ್ ಮೆಡ್ ಎಂಬ ಪ್ರವಾಸ ಕಂಪನಿ. ಬೆಲ್ಜಿಯಂನ ಜೆರಾರ್ಡ್ ಬ್ಲಿಟ್ಜ್ 1950ರಲ್ಲಿ ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದ ಅಲ್ಕುದಿಯಾದಲ್ಲಿ ಡೇರೆ ಹೊಡೆಸಿ, ಊಟ ಆಟ ಎಲ್ಲಕ್ಕೂ ಒಂದೇ ಗುತ್ತಿಗೆಯಂತೆ ಹಣ ಪಡೆದು ಶುರುಮಾಡಿದ್ದು. ಈಜುಡುಗೆಯವರ ಹತ್ತಿರ ಕಿಸೆ ಎಲ್ಲಿರುತ್ತದೆ? ಅದಕ್ಕೆ ಮುಂದೆ ಅವರ ರಜೆಯ ಹಳ್ಳಿಗಳಲ್ಲಿ ಕುಡಿಯುವುದಕ್ಕೆ ರೊಕ್ಕದ ಬದಲು ಮಣಿ ಕೊಡುವ ರೂಢಿ ಬಂತು. ಯುದ್ಧದಲ್ಲಿ ಬಸವಳಿದ ಯುರೋಪಿನ ಮಂದಿಗೆ ಹಣದ ಲೆಕ್ಕ ಮರೆತು ನಾಲ್ಕು ದಿನ ಬಿಸಿಲು ಕಾಯಿಸಿಕೊಳ್ಳುವುದೇ ದೊಡ್ಡ ಸುಖವಾಗಿದ್ದಿರಬೇಕು.

ಹಣದ ಲೆಕ್ಕ ಮರೆಯುವ ಸುಖ ನಮಗೂ ಸಿಕ್ಕಿತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಕಡೆ ಖಾನಾವಳಿಯ ಗಲ್ಲೆಯ ಮುಂದೆ ನಡೆಯುವ ಜಗಳ ಗೊತ್ತಲ್ಲ: ಅಣ್ಣ ಕೊಡುತ್ತೇನೆಂದು ಕೈ ಚಾಚಿದರೆ ಕಾಕಾ ಅವನ ಕೈ ಹಿಡಿದು ಜಗ್ಗುವುದು, ಮಾಮಾ ನಡುವೆ ನುಗ್ಗಿ ನೋಟು ತುರುಕುವುದು, ಆಮೇಲೆ ಯಾರೋ ಒಬ್ಬರು ಮುನಿಸಿಕೊಂಡು ಗಾಡಿ ಹತ್ತುವುದು. ಇಲ್ಲಿ ಅದೊಂದೂ ಇರಲಿಲ್ಲ. ಮಕ್ಕಳು ಐಸ್‌ಕ್ರೀಮ್ ಕೇಳಿದಾಗ ಯಾರೂ ಬೆಲೆಯ ಪಟ್ಟಿ ನೋಡಲಿಲ್ಲ.

ಊಟದ ಹಾಲಿನಲ್ಲಿ ಮಂದಿಯನ್ನು ನೋಡುವುದೇ ಒಂದು ಸಂಭ್ರಮ. ಪಕ್ಕದ ಮೇಜಿನ ತಂದೆಯೊಬ್ಬರು ಮಗನಿಗೆ ಕಳಕಳಿಯಿಂದ ಹೇಳುತ್ತಿದ್ದರು, "ಇಡ್ಲಿ ಬಿಡು, ಇಡ್ಲಿ ಮನ್ಯಾಗೂ ಸಿಗತಾವ. ರೊಕ್ಕ ಕೊಟ್ಟೀವಿ, ಪನೀರ್ ತಿನ್ನು." ಹುಡುಗ ಇಡ್ಲಿಯನ್ನೇ ತಿಂದ. ಒಬ್ಬ ತಾಯಿ ಬಾಳೆಹಣ್ಣುಗಳನ್ನು ಒಂದೊಂದಾಗಿ ಪರ್ಸಿಗೆ ಇಳಿಸುತ್ತಿದ್ದರೆ, ಬಡಿಸುವ ಹುಡುಗ ತಾನೇ ಇನ್ನೊಂದು ಚಿಪ್ಪು ತಂದು ಮುಂದೆ ಇಟ್ಟುಹೋದ. ಬೆಳಿಗ್ಗೆ ಈಜುಕೊಳ ತೆರೆಯುವ ಮೊದಲೇ ಸುತ್ತಲಿನ ಕುರ್ಚಿಗಳ ಮೇಲೆಲ್ಲ ಟವೆಲ್ ಬಿದ್ದಿದ್ದವು, ಹಳೇ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟು ಹಿಡಿದ ಹಾಗೆ. ಪಂಚೆ ಮಡಚಿ ಮಕ್ಕಳ ಕೊಳದಲ್ಲಿ ಕಾಲು ಇಳಿಬಿಟ್ಟ ಹಿರಿಯರೊಬ್ಬರು ಇಡೀ ಪೇಪರ್ ಓದಿ ಮುಗಿಸಿದರು, ಮಕ್ಕಳು ನೀರು ಸಿಡಿಸಿದಾಗ ಪುಟ ಮಾತ್ರ ಮೇಲೆತ್ತುತ್ತಿದ್ದರು. 'ಹೊರಗಿನ ತಿನಿಸು ತರಬಾರದು' ಎಂಬ ಫಲಕದ ಕೆಳಗೇ ಹಾವೇರಿ ಕಡೆಯ ಒಂದು ಕುಟುಂಬ ಗುರೆಳ್ಳ ಹಿಂಡಿಯ ಡಬ್ಬಿ ತೆರೆದು ಅಕ್ಕಪಕ್ಕದ ಮೇಜಿಗೆಲ್ಲ ಹಂಚಿತು. ನಮಗೂ ಬಂತು. ಆ ಹಾಲಿನಲ್ಲಿ ತಿಂದ ರುಚಿಗಳಲ್ಲಿ ಅದಕ್ಕೇ ನನ್ನ ಮೊದಲ ಮಣೆ. ರೆಸಾರ್ಟಿನವರ ಎಣ್ಣೆಗಾಯಿ ಗೋಡಂಬಿ ಅರೆದು, ಸಿಹಿ ಹಾಕಿ ಮಾಡಿದ್ದು. ಯಾರಿಗೂ ಖಾರವಾಗಬಾರದೆಂದು ಮಾಡಿದ ಬದನೆಕಾಯಿ ಯಾರ ಊರಿನದೂ ಆಗಿರಲಿಲ್ಲ.

ನಮ್ಮ ದೊಡ್ಡವ್ವ ಬೆಳಿಗ್ಗೆ ಎದ್ದವಳೇ ಹಾಸಿಗೆ ಮಡಚಿ, ಖೋಲಿ ಗುಡಿಸಿ, ಕಸ ಒಂದು ಮೂಲೆಗೆ ಕೂಡಿಸಿಟ್ಟಿದ್ದಳು. ಸ್ವಚ್ಛ ಮಾಡಲು ಬಂದ ಹುಡುಗ ಗಾಬರಿಯಾದ. "ಯಾರದೋ ಮಗಾ ಬಂದು ನಮ್ಮ ಹೊಲಸು ಬಳಿಬೇಕೇನು?" ಎಂದು ಅವಳು ಅವನಿಗೆ ಒಂದು ಚಕ್ಕುಲಿ ಕೊಟ್ಟು ಕಳಿಸಿದಳು.

ಮೂಲೆಯಲ್ಲಿ ಒಲೆ ಹೂಡಿ, ಒಬ್ಬ ಹೆಣ್ಣುಮಗಳು ಜೋಳದ ರೊಟ್ಟಿ ಬಡಿಯುತ್ತಿದ್ದರು. ವೈನಿ ತಾಟು ಹಿಡಿದು ಅಲ್ಲೇ ನಿಂತುಬಿಟ್ಟರು. ಹೆಂಚಿನಿಂದ ಎತ್ತಿದ ರೊಟ್ಟಿ ಉಬ್ಬಿಕೊಂಡು ನೇರ ಅವರ ತಾಟಿಗೆ ಬಿತ್ತು, ಮೇಲೆ ಬೆಣ್ಣೆ. ಮನೆಯಲ್ಲಿ ರೊಟ್ಟಿ ಬಡಿದವರು ಕಡೆಗೆ ಕೂಡುವುದು ರೂಢಿ. ಅಷ್ಟರಲ್ಲಿ ರೊಟ್ಟಿಯೂ ಆರಿರುತ್ತದೆ, ಅವರ ಹಸಿವೂ ಸತ್ತಿರುತ್ತದೆ. ವೈನಿ ನಮ್ಮ ಮನೆಗೆ ಬಂದಾಗಿನಿಂದ ಅವರು ಬಿಸಿ ರೊಟ್ಟಿ ತಿಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಮೂರನೆಯ ರೊಟ್ಟಿಗೆ ಅವರ ಕಣ್ಣು ತುಂಬಿ ಬಂದಿದ್ದವು. ಖಾರ ಹತ್ತಿತು ಎಂದರು. ಆ ರೆಸಾರ್ಟಿನ ಅಡುಗೆಯಲ್ಲಿ ಖಾರ ಇರಲಿಲ್ಲ. ಇಂಥ ರಜೆಯ ಬಗ್ಗೆ ಯಾರು ಏನೇ ಅನ್ನಲಿ, ಆ ರೊಟ್ಟಿಗಳಿಗಾಗಿ ನಾನು ಅದರ ಪರವಾಗಿ ವಾದಿಸುತ್ತೇನೆ.

ಅದೇ ಹೊತ್ತಿಗೆ ಬಾಗಿಲಲ್ಲಿ ಡ್ರೈವರ್ ಕಾಕಾನನ್ನು ತಡೆದಿದ್ದರು. ಅವರ ಕೈಯಲ್ಲಿ ಪಟ್ಟಿ ಇರಲಿಲ್ಲ. ಅವರ ಊಟದ ರೊಕ್ಕ ಈಗಲೇ ಕೊಡುತ್ತೇವೆ ಎಂದು ಅಣ್ಣ ಹೇಳಿದ. ಡ್ರೈವರುಗಳಿಗೆ ಹಾಲಿನಲ್ಲಿ ಪ್ರವೇಶ ಇಲ್ಲ, ಅದು ಇಲ್ಲಿಯ ನಿಯಮ ಎಂದರು. ಕಾಕಾ "ಇರ್ಲಿ ಬಿಡ್ರಿ, ನಾ ಗದಗಿಗೆ ಹೋಗಿ ಉಂಡ ಬರ್ತೀನಿ" ಎಂದು ಹೊರಟೇಬಿಟ್ಟಿದ್ದರು. ದೊಡ್ಡವ್ವ ತನ್ನ ತಾಟು ತಗೊಂಡು ಅವರ ಹಿಂದೆ ನಡೆದಳು. ಗಾಡಿ ನಿಲ್ಲಿಸಿದ ಬೇವಿನ ಮರದ ಕೆಳಗೆ ಇಬ್ಬರೂ ಕೂತು ಆ ಒಂದೇ ತಾಟಿನಲ್ಲಿದ್ದುದನ್ನು ಹಂಚಿಕೊಂಡರು. ಮ್ಯಾನೇಜರು ಬಂದು ತಾಟು ಹೊರಗೆ ತರಬಾರದು ಎಂದರು. ದೊಡ್ಡವ್ವ ಉಣ್ಣುವುದನ್ನು ನಿಲ್ಲಿಸಲಿಲ್ಲ, ತಲೆ ಎತ್ತಿ ಅಷ್ಟೇ ಕೇಳಿದಳು, "ನಮ್ಮ ಜೀವ ಇವರ ಕೈಯಾಗ ಕೊಟ್ಟು ಬಂದೀವಿ. ಇವರು ಉಪಾಸ ಇದ್ರ ನಾವು ಹೆಂಗ ಉಣ್ಣೋದು?" ಅವರು ಉತ್ತರ ಕೊಡದೆ ಹೋದರು. ಕಡೆಗೆ ಕೆಲಸದವರ ಶೆಡ್ಡಿನಲ್ಲಿ, ಬೇರೆ ರೊಕ್ಕ ತಗೊಂಡು, ಊಟ ಕೊಡಲು ಒಪ್ಪಿದರು. ಮಲಗಲು ಮಾತ್ರ ಜಾಗ ಕೊಡಲಿಲ್ಲ. ಗದಗಿನ ಗಾಳಿ ಎಂಥದೆಂದು ಅಲ್ಲಿ ರಾತ್ರಿ ಕಳೆದವರಿಗೆ ಗೊತ್ತು. ಕಪ್ಪತಗುಡ್ಡದ ಕಡೆ ಗಾಳಿಯಂತ್ರ ನೆಟ್ಟದ್ದು ಸುಮ್ಮನೆ ಅಲ್ಲ. ಆ ಚಳಿಯಲ್ಲಿ ಅವರು ಗಾಡಿಯೊಳಗೇ ಮಲಗಿದರು, ನಾವು ಕೊಟ್ಟ ಕೌದಿ ಹೊದ್ದು.

ಇದು ಬಹಳಷ್ಟು ಕಡೆ ಹೀಗೇ ಇದೆ ಎಂದು ಆಮೇಲೆ ಬೇರೆ ಡ್ರೈವರುಗಳಿಂದ ಕೇಳಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಹೊರಡುವವರಿಗೆ ಹೇಳುತ್ತೇನೆ: ರೊಕ್ಕ ಕಟ್ಟುವ ಮೊದಲು ಡ್ರೈವರಿಗೆ ಊಟ ಎಲ್ಲಿ, ಹಾಸಿಗೆ ಎಲ್ಲಿ ಎಂದು ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಕುಡಿಯುವ ನೀರಿನ ಬಾಟಲಿ, ಸಂಜೆಯ ಚಹಾ, ರಾತ್ರಿಯ ಬೆಂಕಿ ಲೆಕ್ಕದ ಒಳಗೋ ಹೊರಗೋ ಕೇಳಿ. ನಮಗೆ ಇವು ಮೂರೂ ಹೊರಗೆ ಎಂದು ಬಿಲ್ಲು ಬಂದಾಗ ತಿಳಿಯಿತು. ಹೋಟೆಲಿನವರು ಸಿ.ಪಿ. ಎಂದರೆ ಖೋಲಿ ಮತ್ತು ನಾಷ್ಟಾ ಮಾತ್ರ, ಎಂ.ಎ.ಪಿ. ಎಂದರೆ ಅದರ ಜೊತೆ ಒಂದು ಹೊತ್ತಿನ ಊಟ, ಎ.ಪಿ. ಎಂದರೆ ಮೂರೂ ಹೊತ್ತು. ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಎಂಬುದನ್ನೂ ಬಿಡಿಸಿ ಕೇಳಬೇಕು. ಮಧ್ಯಾಹ್ನದ ಊಟ ಬಂದ ದಿನದ್ದೋ ಹೊರಡುವ ದಿನದ್ದೋ ಎಂಬುದರಲ್ಲಿ ಒಂದು ಇಡೀ ಊಟ ಕೈತಪ್ಪುತ್ತದೆ.

ಶೆಡ್ಡಿನಲ್ಲಿ ಕಾಕಾನಿಗೆ ಬಡಿಸಿದವರು ಅದೇ ರೊಟ್ಟಿಯವರು. ಸಂಜೆ ಅವರ ಹತ್ತಿರ ಹೋಗಿ ಕೂತೆ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಲೇ ಮಾತಾಡಿದರು.

"ಮಂದಿ ರೊಟ್ಟಿ ಭಾಳ ತಿಂತಾರೇನ್ರಿ ಅಕ್ಕಾರ?"

"ಮೊದಲ ದಿನ ಇಲ್ಲ ಯವ್ವಾ. ಮೊದಲ ದಿನ ಆಕಡೆ ಹೊಕ್ಕಾರ, ನೂಡಲ್ಸು, ಮಂಚೂರಿ, ಕೇಕು. ಎರಡನೇ ದಿನ ಹೊಟ್ಟಿ ಭಾರ ಆದಮ್ಯಾಲೆ ನನ್ನ ಕಡೆ ಬರ್ತಾರ. 'ಬಾಯಾರ, ಒಂದು ಮೆತ್ತನ್ನ ರೊಟ್ಟಿ, ತುಸು ಮೊಸರು ಕೊಡ್ರಿ' ಅಂತಾರ." ಅವರು ಮನಸಾರೆ ನಕ್ಕರು. "ಬೆಂಗಳೂರಿನ ಹುಡುಗಿ ಒಬ್ಬಾಕಿ ಬಂದಿದ್ಲು. ನಾನೂ ಬಡಿತೀನಿ ಅಂದ್ಲು. ಹರಿದು ಹರಿದು ಹೋತು. ಆ ಹರಿದದ್ದನ್ನ ಸುಡಿಸಿಕೊಂಡು, ಒಂದು ಚೂರೂ ಬಿಡದ ತಿಂದು ಹ್ವಾದ್ಲು. ಅಂಥಾವರು ಬೇಕು ನೋಡು."

"ತಾಟಿನಾಗ ಬಿಟ್ಟದ್ದು ಏನ ಮಾಡ್ತಾರಿ?"

ಅವರ ಕೈ ನಿಂತಿತು. "ಅನ್ನ ರೊಟ್ಟಿ ಇದ್ರ ದನಕ್ಕ ಹಾಕಬಹುದು. ಎಣ್ಣಿ, ಮಸಾಲಿ, ಪನೀರು ಎಲ್ಲಾ ಕಲಿಸಿಬಿಟ್ಟಿರ್ತಾರ. ಅದು ದನಕ್ಕೂ ಬರಂಗಿಲ್ಲ. ಕುಣಿ ತೋಡಿ ಮುಚ್ಚತಾರ. ನಾವು ಬರ ನೋಡಿದ ಮಂದಿ. ನನಗ ಆ ಕುಣಿ ಕಡೆ ಹೋಗಾಕ ಆಗಂಗಿಲ್ಲ."

ಸ್ವಲ್ಪ ಹೊತ್ತು ರೊಟ್ಟಿಯ ಸಪ್ಪಳ ಮಾತ್ರ. ಆಮೇಲೆ ಅವರೇ ಕೇಳಿದರು, "ಲಕ್ಕುಂಡಿ ನೋಡೀರೇನು? ನನ್ನ ತವರಮನಿ. ಸಣ್ಣಾವರಿದ್ದಾಗ ಗುಡಿ ಕಟ್ಟಿ ಮ್ಯಾಲೆ ಆಡತಿದ್ವಿ. ಇಲ್ಲಿ ಬಂದಾವರು ಗೇಟು ದಾಟಂಗಿಲ್ಲ ಯವ್ವಾ. ಊಟದ ಹೊತ್ತು ತಪ್ಪತೈತಿ ಅಂತಾರ. ಊಟದ ರೊಕ್ಕ ಕೊಟ್ಟಿರ್ತಾರ, ಗುಡಿಗೆ ರೊಕ್ಕ ಕೊಟ್ಟಿರಂಗಿಲ್ಲಲ್ಲ."

ಆ ಮಾತು ನನ್ನನ್ನು ಕುಟುಕಿತು. ರಾತ್ರಿ ಡಿಜೆ ಹಾಕಿ ಎಲ್ಲರನ್ನೂ ಕುಣಿಸಿದರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ವೀರೇಶ್ವರ ಪುಣ್ಯಾಶ್ರಮ ಅಲ್ಲಿಂದ ದೂರವಿಲ್ಲ. ಗದುಗಿನ ನೆಲದಲ್ಲಿ ಬಂದವರಿಗೆ ಒಂದು ತಂಬೂರಿ ಪದ ಕೇಳಿಸಲು ಇವರಿಗೆ ಯಾಕೆ ಮನಸ್ಸಾಗುವುದಿಲ್ಲವೋ.

ಮರುದಿನ ಮಧ್ಯಾಹ್ನದ ಊಟ ಬಿಟ್ಟು ಲಕ್ಕುಂಡಿಗೆ ಹೋದೆವು. ಗದಗದಿಂದ ಸುಮಾರು 12 ಕಿಲೋಮೀಟರ್. ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆಯ ಮುಂದೆ, ಅಲ್ಲಿಯವರೆಗೆ ಮೊಬೈಲಿನಲ್ಲಿ ಮುಳುಗಿದ್ದ ಅಣ್ಣನ ಮಗಳು ಬೆರಳಿನಿಂದ ಗಾಳಿಯಲ್ಲೇ ಬಳ್ಳಿಯ ಸುರುಳಿ ಬಿಡಿಸುತ್ತ ನಿಂತಳು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದಲ್ಲಿ ತಂಪು ಇತ್ತು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ದಾನ ಮಾಡಿದ, ದಾನಚಿಂತಾಮಣಿ ಎನ್ನಿಸಿಕೊಂಡ ಹೆಣ್ಣುಮಗಳು ಆಕೆ. ದೊಡ್ಡವ್ವ ನಾಲ್ಕು ಮುಖದ ಬ್ರಹ್ಮನ ಮುಂದೆ ಕೂತು, "ಇಷ್ಟು ಹತ್ತಿರ ಇದ್ದು ಇಷ್ಟು ವರ್ಷ ನಾವು ಬರಲೇ ಇಲ್ಲಲ್ಲ" ಎಂದಳು. ಮಾಣಿಕೇಶ್ವರದ ಮುಸುಕಿನ ಬಾವಿಯ ಮೆಟ್ಟಿಲುಗಳಲ್ಲಿ ಮಕ್ಕಳು ಇಳಿದು ಹತ್ತಿದರು. ಆಮೇಲೆ ರಸ್ತೆ ಬದಿಯ ಅಂಗಡಿಯಲ್ಲಿ ಗಿರ್ಮಿಟ್, ಮಿರ್ಚಿ ಭಜಿ, ಚಹಾ. ಡ್ರೈವರ್ ಕಾಕಾ ನಮ್ಮ ನಡುವೆಯೇ ಬೆಂಚಿನ ಮೇಲೆ ಕೂತಿದ್ದರು. ಬಿಲ್ಲು ಕೊಡಲು ನಮ್ಮ ಮನೆಯ ಕಾಕಾ, ಅಣ್ಣ ಕಿತ್ತಾಡಿದರು. ನನಗೆ ಹಿತವೆನ್ನಿಸಿತು. ಕೈಪಟ್ಟಿಯ ರಜೆಯಲ್ಲಿ ನಮ್ಮ ರೊಕ್ಕ ಒಂದೇ ಗಲ್ಲೆಗೆ ಹೋಗಿ ಬೀಳುತ್ತದೆ, ಇಂಥ ಭಜಿ ಅಂಗಡಿಯವರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಆ ಪದ್ಧತಿಯ ಮೇಲೆ ನನ್ನ ದೊಡ್ಡ ತಕರಾರು ಇದು.

ಹೊರಡುವ ಮೊದಲು ದೊಡ್ಡವ್ವ ರೊಟ್ಟಿಯವರ ಹತ್ತಿರ ನೂರು ಕಡಕ್ ರೊಟ್ಟಿಗೆ ಹೇಳಿ, ಮುಂಗಡ ಕೊಟ್ಟು ಬಂದಳು. ಬಸ್ಸಿನಲ್ಲಿ ಕಳಿಸಿದರು, ಒಂದೂ ಮುರಿದಿರಲಿಲ್ಲ.

ಬರುವ ಚಳಿಗಾಲಕ್ಕೆ ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆಗೆ ಹೋಗೋಣ ಎಂದಿದ್ದೇನೆ. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ, 2024ರಲ್ಲಿ ಆ ಕೆರೆಗೆ, ಜಗತ್ತಿನ ಮುಖ್ಯ ಜೌಗು ನೆಲಗಳಿಗೆ ಸಿಗುವ ರಾಮ್ಸಾರ್ ಮನ್ನಣೆಯೂ ಬಂದಿದೆ. ಗದಗಿನಲ್ಲಿ ನಾಷ್ಟಾ ಮಾತ್ರ ಇರುವ ಖೋಲಿ ಹಿಡಿದು, ಉಳಿದ ಊಟ ಹೋದಲ್ಲಿ ಮಾಡೋಣ ಎಂಬುದು ನನ್ನ ವಿಚಾರ. ವೈನಿ ಒಪ್ಪಿಲ್ಲ. "ಹಕ್ಕಿ ನೀವು ನೋಡ್ರಿ. ನನಗ ಮೂರೂ ಹೊತ್ತು ಇನ್ನೊಬ್ರು ಮಾಡಿದ ಬಿಸಿ ಊಟ ಒಂದೇ ಕಡೆ ಸಿಗಬೇಕು, ಯಾರೂ ನನ್ನ ಕೇಳಬಾರದು ಇವತ್ತು ಏನ ಮಾಡ್ಲಿ ಅಂತ" ಎನ್ನುತ್ತಾರೆ. ಅವರ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಡ್ರೈವರಿಗೆ ಹಾಸಿಗೆ ಕೊಡುವ, ಮೂರೂ ಹೊತ್ತು ಬಡಿಸುವ ಜಾಗ ಲಕ್ಷ್ಮೇಶ್ವರದ ಕಡೆ ಎಲ್ಲಾದರೂ ಇದೆಯೇ ಎಂದು ಅಣ್ಣ ಈಗ ಒಂದೊಂದೇ ಕಡೆ ಫೋನ್ ಮಾಡಿ ಕೇಳುತ್ತಿದ್ದಾನೆ.